ಎಲ್ಲ ಪ್ರಬಂಧಕ್ಕೂ ಒಂದೇ ಕಾರ್ಡು

ಕಾಲೇಜಿನಲ್ಲಿ ನನ್ನ ಜಾಗಕ್ಕೆ ಬಂದಿರುವ ರಶ್ಮಿ ಎಂಬ ಹುಡುಗಿ ಮೊನ್ನೆ ಫೋನ್ ಮಾಡಿದ್ದಳು. ಮಾತಿನಲ್ಲಿ ವಿನಯವಿತ್ತು, ಅದಕ್ಕಿಂತ ಹೆಚ್ಚಾಗಿ ಅವಸರವಿತ್ತು. "ಮೇಡಂ, ಪೋರ್ಷನ್ ಬೇಗ ಮುಗಿಸಿ ಅಂತ ಪ್ರಾಣ ತಿಂತಿದ್ದಾರೆ. ನಿಮ್ಮ ನೋಟ್ಸ್ ಕೊಟ್ಬಿಟ್ರೆ ನಾನು ಬದುಕ್ಕೊಂತೀನಿ" ಎಂದಳು. ನನ್ನ ನೋಟ್ಸಿಗೆ ನನ್ನನ್ನೇ ಕೇಳಬೇಕಾಗಿಲ್ಲ. ದೊಡ್ಡಬಳ್ಳಾಪುರದ ಬಸ್ ಸ್ಟ್ಯಾಂಡಿನ ಎದುರಿರುವ ಜೆರಾಕ್ಸ್ ಅಂಗಡಿಯಲ್ಲಿ ವನಜಾ ಮೇಡಂ ಇಂಗ್ಲಿಷ್ ನೋಟ್ಸ್ ಎಂದರೆ ಇವತ್ತಿಗೂ ಸ್ಪೈರಲ್ ಬೈಂಡಿಂಗ್ ಮಾಡಿ ಕೈಗಿಡುತ್ತಾರೆ. ಅದನ್ನು ಅವಳಿಗೆ ಹೇಳಲು ಬಾಯಿ ಬರಲಿಲ್ಲ. ನೋಡೋಣಮ್ಮ ಎಂದು ಫೋನ್ ಇಟ್ಟೆ.

ಇಟ್ಟ ಮೇಲೆ ಬರೆಯಲು ಕೂತದ್ದು ಇದು. ರಶ್ಮಿ, ನೀನು ಕೇಳಿದ್ದಕ್ಕೆ ನಾನು ಕೊಡುವುದು ಇದನ್ನೇ. ಇದನ್ನು ಬೋರ್ಡಿನ ಮುಂದೆ ನಿಂತು ಹೇಳಿ ಬರೆಸಲು ಬರುವುದಿಲ್ಲ. ಓದುವಾಗ ನಿನಗೆ ಬೇಸರವಾದರೆ ನನಗೆ ಬರೆಯುವಾಗ ಅದಕ್ಕಿಂತ ಹೆಚ್ಚು ಆಗಿದೆ ಎಂದು ತಿಳಿದುಕೋ.

ನಾನು ಹೊಸಕೋಟೆ ತಾಲೂಕಿನ ಅನುಗೊಂಡನಹಳ್ಳಿಯವಳು. ಓದಿದ್ದು ಕನ್ನಡ ಮೀಡಿಯಂ. ಇಂಗ್ಲಿಷ್ ಎಂ.ಎ. ಮಾಡಿದ್ದು ಪಾಠದ ಮೇಲಿನ ಪ್ರೀತಿಯಿಂದ ಅಲ್ಲ, ಇಂಗ್ಲಿಷ್ ಓದಿದವರಿಗೆ ಕೆಲಸ ಸಿಗುತ್ತದೆ ಎಂದು ಅಪ್ಪ ಹೇಳಿದ್ದರಿಂದ. ನಿಜವಾಗಿಯೂ ಸಿಕ್ಕಿತು. ಆದರೆ ಕೆಲಸಕ್ಕೆ ಸೇರಿದ ದಿನದಿಂದ ನಿವೃತ್ತಿಯ ದಿನದವರೆಗೂ ಒಂದು ಭಯ ಸೀರೆಯ ಸೆರಗಿನ ಹಾಗೆ ನನ್ನ ಹೆಗಲ ಮೇಲೇ ಇತ್ತು. ನನಗೆ ಬರುವ ಇಂಗ್ಲಿಷೆಲ್ಲ ಬಾಯಿಪಾಠದ್ದು, ಯಾರಾದರೂ ಒಂದು ಪ್ರಶ್ನೆ ಜಾಸ್ತಿ ಕೇಳಿದರೆ ಬಯಲಾಗುತ್ತದೆ ಎನ್ನುವ ಭಯ ಅದು. ಈ ಕೆಲಸದಲ್ಲಿರುವ ನಮ್ಮಂಥವರಲ್ಲಿ ಅರ್ಧ ಜನಕ್ಕೆ ಅದು ಇದೆ. ಯಾರೂ ಸ್ಟಾಫ್ ರೂಮಿನಲ್ಲಿ ಹೇಳಿಕೊಳ್ಳುವುದಿಲ್ಲ.

ಸೇರಿದ ಹೊಸದರಲ್ಲಿ ನನಗೂ ಉತ್ಸಾಹವಿತ್ತು. ಒಂದು ದಿನ ಕ್ಲಾಸಿಗೆ ಹೋಗಿ, ಇವತ್ತು ನಾನು ಓದುವುದಿಲ್ಲ, ನೀವೇ ಮನಸ್ಸಿನಲ್ಲಿ ಒಂದು ಪುಟ ಓದಿ, ಗೊತ್ತಾಗದ ಪದ ಬಂದರೆ ನಿಲ್ಲಬೇಡಿ, ಮುಂದಕ್ಕೆ ಹೋಗಿ, ಕೊನೆಗೆ ಏನು ತಿಳಿಯಿತೋ ಅಷ್ಟು ಹೇಳಿ ಎಂದೆ. ಮಕ್ಕಳು ಮೊದಲು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ತಲೆ ಬಗ್ಗಿಸಿದರು. ಕ್ಲಾಸು ನಿಶ್ಶಬ್ದವಾಯಿತು. ಫ್ಯಾನಿನ ಕಿರುಗುಟ್ಟುವಿಕೆ ಬಿಟ್ಟರೆ ಏನೂ ಇಲ್ಲ. ನಮ್ಮ ಪ್ರಿನ್ಸಿಪಾಲರು ಕಾರಿಡಾರಿನಲ್ಲಿ ಅಡ್ಡಾಡುತ್ತಾ ಕಿವಿಯಿಂದಲೇ ತಪಾಸಣೆ ಮಾಡುವವರು. ಬಾಗಿಲಲ್ಲಿ ಬಂದು ನಿಂತರು.

"ಏನಮ್ಮಾ, ಕ್ಲಾಸು ಸತ್ತಂಗೈತಲ್ಲ?"

"ಓದಿಸ್ತಿದ್ದೀನಿ ಸಾರ್."

"ಓದೋದು ಮನೇಲಿ. ಇಲ್ಲಿ ನಿಮ್ಮ ಗಂಟಲು ಕೇಳಿಸ್ಬೇಕು."

ಕೆಟ್ಟವರೇನಲ್ಲ ಅವರು. ಮಕ್ಕಳ ಬಗ್ಗೆ ಕಾಳಜಿ ಇದ್ದವರು, ಬಸ್ ಪಾಸ್ ಸಿಗದವರಿಗೆ ತಾವೇ ಡಿಪೋಗೆ ಹೋಗಿ ಜಗಳ ಮಾಡಿ ತಂದುಕೊಡುತ್ತಿದ್ದರು. ಆದರೆ ಆ ಒಂದು ಮಾತಿಗೆ ನನ್ನ ಉತ್ಸಾಹದ ಗಾಳಿ ಇಳಿದುಹೋಯಿತು. ಎದುರು ಮಾತಾಡಬಹುದಿತ್ತು, ಆಡಲಿಲ್ಲ. ಮಾರನೆಯ ದಿನದಿಂದ ಗಂಟಲು ಎತ್ತಿದೆ.

ಎತ್ತಿದ್ದು ಹೇಗೆಂದರೆ, ಒಂದು ಸಾಲು ಇಂಗ್ಲಿಷ್, ಒಂದು ಸಾಲು ಕನ್ನಡ. ನಾನು ಇಂಗ್ಲಿಷಿನ ಸಾಲು ಓದಿ ಅದರ ಅರ್ಥ ಹೇಳುವುದು, ಅವರು ಪೆನ್ಸಿಲಿನಲ್ಲಿ ಪದದ ತಲೆಯ ಮೇಲೆ ಕನ್ನಡ ಬರೆದುಕೊಳ್ಳುವುದು. ವರ್ಷದ ಕೊನೆಗೆ ಪುಸ್ತಕ ನೋಡಿದರೆ ಇಂಗ್ಲಿಷಿನ ಮೇಲೆಲ್ಲ ಇರುವೆ ಹರಿದ ಹಾಗೆ ಕನ್ನಡ. ಅದನ್ನು ನೋಡಿ ನಾನು ಬೀಗುತ್ತಿದ್ದೆ, ಮಕ್ಕಳು ಎಷ್ಟು ಚೆನ್ನಾಗಿ ಕಲಿಯುತ್ತಿದ್ದಾರೆ ಎಂದು. ಆ ಮಕ್ಕಳು ಒಂದು ಪುಟವನ್ನೂ ಓದಿರಲಿಲ್ಲ. ಓದಿದ್ದು ನಾನು, ಅವರು ಕೇಳಿಸಿಕೊಂಡಿದ್ದರು. ನನ್ನ ಕಣ್ಣಲ್ಲಿ ಓದಿ ನನ್ನ ಬಾಯಲ್ಲಿ ಅರ್ಥ ಮಾಡಿಕೊಂಡು ಪದವೀಧರರಾಗಿ ಹೊರಗೆ ಹೋದರು.

ಬರವಣಿಗೆಯ ಕಥೆ ಇನ್ನೂ ನಾಚಿಕೆಗೇಡು. ಪ್ರಬಂಧದಲ್ಲಿ ಮಕ್ಕಳು ಸಾಲುಸಾಲಾಗಿ ಫೇಲಾಗುತ್ತಿದ್ದರು. ಅದಕ್ಕೆ ನಾನು ಒಂದು ಉಪಾಯ ಹುಡುಕಿದೆ. ಯಾವ ವಿಷಯ ಕೊಟ್ಟರೂ ಹೊಂದುವಂಥ ಒಂದು ಪ್ರಬಂಧ. ಇಂಗ್ಲಿಷಿನಲ್ಲಿದ್ದದ್ದನ್ನು ಇಲ್ಲಿ ಕನ್ನಡದಲ್ಲೇ ಹೇಳುತ್ತೇನೆ. ಇಂದಿನ ಆಧುನಿಕ ಜಗತ್ತಿನಲ್ಲಿ ಇಂಥದ್ದು ಬಹಳ ಮುಖ್ಯ ಪಾತ್ರ ವಹಿಸುತ್ತದೆ ಎಂದು ಶುರು. ನಾಣ್ಯಕ್ಕೆ ಎರಡು ಮುಖ ಇರುವಂತೆ ಇದಕ್ಕೂ ಅನುಕೂಲಗಳಿವೆ, ಅನಾನುಕೂಲಗಳಿವೆ ಎಂದು ನಡುವೆ. ನಾವೆಲ್ಲರೂ ಕೈಜೋಡಿಸಿದರೆ ಉಜ್ವಲ ಭವಿಷ್ಯ ಕಟ್ಟಬಹುದು ಎಂದು ಕೊನೆ. ಇಂಥದ್ದು ಎನ್ನುವ ಜಾಗದಲ್ಲಿ ಮೊಬೈಲು, ಪರಿಸರ, ಸಿನಿಮಾ, ಪ್ರಜಾಪ್ರಭುತ್ವ, ಏನು ಬೇಕಾದರೂ ಹಾಕಿಕೊಳ್ಳಬಹುದು.

ಮೊದಲ ಸಲ ಬೋರ್ಡಿನ ಮೇಲೆ ಬರೆಸಿದಾಗ ಮುಂದಿನ ಬೆಂಚಿನಲ್ಲಿ ಕೂತಿದ್ದ ನೇಕಾರರ ಮನೆಯ ಹುಡುಗನೊಬ್ಬ, "ಮೇಡಂ, ಇದು ಥೇಟ್ ನಮ್ಮ ಮಗ್ಗದ ಕಾರ್ಡಿದ್ದಂಗೈತೆ" ಎಂದ. ಅವರ ಮಗ್ಗಗಳ ಮೇಲೆ ತೂತು ಹೊಡೆದ ರಟ್ಟಿನ ಕಾರ್ಡುಗಳ ಸರ ನೇತಾಡುತ್ತದೆ. ಆ ತೂತುಗಳಿದ್ದ ಹಾಗೆ ಸೀರೆಯ ಅಂಚಿನಲ್ಲಿ ಹೂವೋ ನವಿಲೋ ಬೀಳುತ್ತದೆ. ಕಾರ್ಡು ಅದೇ ಇಟ್ಟು ನೂಲಿನ ಬಣ್ಣ ಬದಲಾಯಿಸಿದರೆ ಇನ್ನೊಂದು ಸೀರೆ. ಹುಡುಗ ತಮಾಷೆಗೆ ಹೇಳಿದನೋ ಮೆಚ್ಚಿ ಹೇಳಿದನೋ ನನಗೆ ಈಗ ಗೊತ್ತಿಲ್ಲ. ನಾನಂತೂ ಮೆಚ್ಚುಗೆ ಎಂದುಕೊಂಡೆ. ಅವತ್ತಿನಿಂದ ಅದಕ್ಕೆ ಕಾರ್ಡು ಎಂದೇ ಹೆಸರಾಯಿತು. ಕಾರ್ಡು ಹಾಕಿ ಎಂದರೆ ಸಾಕು, ಕ್ಲಾಸಿಗೆ ಕ್ಲಾಸೇ ಬರೆಯುತ್ತಿತ್ತು.

ಫಲಿತಾಂಶ ಏರಿತು. ನನ್ನ ಹೆಸರೂ ಏರಿತು. ದೇವನಹಳ್ಳಿಯಲ್ಲಿ ಮೇಷ್ಟ್ರುಗಳಿಗೆ ತರಬೇತಿ ಇಟ್ಟಾಗ ನನ್ನನ್ನು ಕರೆದು ಕಾರ್ಡಿನ ಬಗ್ಗೆ ಮಾತಾಡಿಸಿದರು. ನಾನು ಮಗ್ಗದ ಆ ಹೋಲಿಕೆಯನ್ನು ನನ್ನದೇ ಎನ್ನುವ ಹಾಗೆ ಹೇಳಿ ಚಪ್ಪಾಳೆ ಗಿಟ್ಟಿಸಿದೆ. ಬಂದವರೆಲ್ಲ ಬರೆದುಕೊಂಡು ತಮ್ಮ ತಮ್ಮ ಕಾಲೇಜುಗಳಿಗೆ ಒಯ್ದರು. ನೆಲಮಂಗಲಕ್ಕೆ ಹೋಯಿತು, ದಾಬಸ್‌ಪೇಟೆಗೆ ಹೋಯಿತು. ಊಟದ ಹೊತ್ತಿನಲ್ಲಿ ಒಬ್ಬ ಹಿರಿಯ ಮೇಷ್ಟ್ರು ಮಾತ್ರ ಅನ್ನ ಕಲಸುತ್ತಾ, "ಚೆನ್ನಾಗೈತಮ್ಮ, ಮಕ್ಕಳು ಏನು ಹೇಳ್ಬೇಕು ಅನ್ನೋದೊಂದು ಬಿಟ್ಟು ಎಲ್ಲಾ ಐತೆ" ಎಂದರು. ಹೊಟ್ಟೆಕಿಚ್ಚು ಎಂದುಕೊಂಡೆ.

ಅದೇ ವರ್ಷ ಪರೀಕ್ಷೆಯಲ್ಲಿ ಅಜ್ಜಿ ತೀರಿಕೊಂಡ ಗೆಳೆಯನಿಗೆ ಸಾಂತ್ವನದ ಪತ್ರ ಬರೆಯಿರಿ ಎಂದು ಕೇಳಿದ್ದರು. ಒಬ್ಬ ಹುಡುಗ ಶ್ರದ್ಧೆಯಿಂದ ಕಾರ್ಡು ಹಾಕಿದ್ದ. ಇಂದಿನ ಆಧುನಿಕ ಜಗತ್ತಿನಲ್ಲಿ ಸಾವು ಬಹಳ ಮುಖ್ಯ ಪಾತ್ರ ವಹಿಸುತ್ತದೆ, ನಿನ್ನ ಅಜ್ಜಿಯ ಸಾವಿಗೆ ಅನುಕೂಲಗಳೂ ಇವೆ, ಅನಾನುಕೂಲಗಳೂ ಇವೆ ಎಂದು. ಸ್ಟಾಫ್ ರೂಮಿನಲ್ಲಿ ಓದಿ ಹೇಳಿದೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಎಷ್ಟೋ ವರ್ಷ ಮದುವೆ ಮನೆಗಳಲ್ಲೂ ಇದನ್ನು ಹೇಳಿ ನಗಿಸಿದ್ದೇನೆ. ಆ ಹುಡುಗನ ಅಜ್ಜಿಯೇ ಆ ವರ್ಷ ತೀರಿಕೊಂಡಿದ್ದರು ಎಂದು ಆಮೇಲೆ ತಿಳಿಯಿತು. ಅಂಥ ಹುಡುಗನಿಗೂ ಸಾವಿನ ಬಗ್ಗೆ ಬರೆಯಲು ನನ್ನ ಕಾರ್ಡೇ ಸಿಕ್ಕಿತಲ್ಲ ಎಂದು ನನಗೆ ಹೊಳೆಯಲಿಲ್ಲ. ಹೊಳೆಯಿತು, ಆದರೆ ಜೋಕು ಚೆನ್ನಾಗಿತ್ತು.

ಪದ್ಧತಿಗಳು ಬಂದವು, ಹೋದವು. ಮಕ್ಕಳನ್ನು ಗುಂಪು ಮಾಡಿ ಮಾತಾಡಿಸಿ ಎಂದು ಒಂದು ಸಿಲೆಬಸ್ ಬಂತು. ಗುಂಪು ಮಾಡಿದೆವು, ಗುಂಪಿಗೂ ನೋಟ್ಸ್ ಬರೆಸಿದೆವು. ಲ್ಯಾಂಗ್ವೇಜ್ ಲ್ಯಾಬ್ ಎಂದು ಕಂಪ್ಯೂಟರುಗಳು ಬಂದವು. ಧೂಳು ಬೀಳದಿರಲಿ ಎಂದು ಬಟ್ಟೆ ಮುಚ್ಚಿ ಬೀಗ ಹಾಕಿದೆವು, ತಪಾಸಣೆಗೆ ಬಂದವರಿಗೆ ಬಟ್ಟೆ ತೆಗೆದು ತೋರಿಸಿ ಮತ್ತೆ ಮುಚ್ಚಿದೆವು. ನನ್ನ ಕೊನೆಯ ವರ್ಷಗಳಲ್ಲಿ ಮಕ್ಕಳು ಫೋನಿಗೆ ಹೇಳಿ ಪ್ರಬಂಧ ಬರೆಸಿಕೊಂಡು ಬರತೊಡಗಿದರು. ಸ್ಟಾಫ್ ರೂಮಿನಲ್ಲಿ ಎಲ್ಲರೂ ಬೈದರು, ನಾನೂ ಬೈದೆ. ಬೈಯುವಾಗ ಒಳಗೆ ಒಂದು ಮುಳ್ಳು ಆಡುತ್ತಿತ್ತು. ಫೋನು ಮಾಡುತ್ತಿದ್ದದ್ದು ನಾನು ಅಷ್ಟು ವರ್ಷ ಮಾಡಿದ ಕೆಲಸವನ್ನೇ.

ಈಗ ನಾಗವೇಣಿಯ ವಿಷಯಕ್ಕೆ ಬರುತ್ತೇನೆ. ಇಲ್ಲಿಯವರೆಗೆ ಹೇಳಿದ್ದೆಲ್ಲ ಅವಳ ಹತ್ತಿರ ಹೋಗುವುದನ್ನು ಮುಂದೂಡಲು.

ನಾಗವೇಣಿ ದೊಡ್ಡಬಳ್ಳಾಪುರದ ನೇಕಾರರ ಬೀದಿಯ ಹುಡುಗಿ. ಮನೆಯಲ್ಲೇ ನಾಲ್ಕು ಪವರ್‌ಲೂಮು. ಆ ಸದ್ದಿನಲ್ಲಿ ಬೆಳೆದವಳಾದ್ದರಿಂದ ಹತ್ತಿರ ಕೂತಿದ್ದರೂ ಬೀದಿಯ ಆಚೆ ಬದಿಯವರಿಗೆ ಹೇಳುವ ಹಾಗೆ ಜೋರಾಗಿ ಮಾತಾಡುತ್ತಿದ್ದಳು. ಕಾರ್ಡನ್ನು ಅವಳಷ್ಟು ಅಚ್ಚುಕಟ್ಟಾಗಿ ಹಾಕಿದವರು ಇನ್ನೊಬ್ಬರಿಲ್ಲ. ಇಂಗ್ಲಿಷಿನಲ್ಲಿ ಕಾಲೇಜಿಗೇ ಮೊದಲು ಬಂದಳು. ಬೆಂಗಳೂರಿನ ಒಂದು ವಿಶ್ವವಿದ್ಯಾಲಯದಲ್ಲಿ ಸಮಾಜಕಾರ್ಯದ ಎಂ.ಎ.ಗೆ ಸೀಟು ಸಿಕ್ಕಿತು. ಅವರ ಬೀದಿಯಿಂದ ಅಷ್ಟು ಓದಿದ ಹುಡುಗಿ ಅವಳೇ ಮೊದಲು. ಸೀಟು ಸಿಕ್ಕ ದಿನ ಮನೆಗೆ ಬಂದು ಕಾಲಿಗೆ ಬಿದ್ದು, ಎಲ್ಲ ನಿಮ್ಮಿಂದಲೇ ಮೇಡಂ ಎಂದಿದ್ದಳು. ಹೌದು ಎಂದುಕೊಂಡೆ.

ನಾನು ನಿವೃತ್ತಳಾದ ಮೇಲೆ ಒಂದು ಮಧ್ಯಾಹ್ನ ಅವಳ ಫೋನು ಬಂತು. ಅವತ್ತು ಮಾತ್ರ ಅವಳ ಧ್ವನಿ ಕೇಳಿಸಿಕೊಳ್ಳಲು ಫೋನನ್ನು ಕಿವಿಗೆ ಒತ್ತಿಕೊಳ್ಳಬೇಕಾಯಿತು. ಮನೆಯಲ್ಲೇ ಕೆಲಸ ಮಾಡುವ ಹೆಂಗಸರ ಬಗ್ಗೆ ಪ್ರಬಂಧ ಬರೆಯಲು ಕೊಟ್ಟಿದ್ದರಂತೆ. ಬರೆದು ಕೊಟ್ಟಿದ್ದಾಳೆ. ಅವಳ ಕ್ಲಾಸಿನಲ್ಲಿ ನೆಲಮಂಗಲದಿಂದ ಬಂದ ಇನ್ನೊಬ್ಬಳ ಪ್ರಬಂಧದಲ್ಲೂ ಮೊದಲ, ನಡುವಿನ, ಕೊನೆಯ ಭಾಗ ಅಕ್ಷರಕ್ಕಕ್ಷರ ಅದೇ. ಕಂಪ್ಯೂಟರು ಹಿಡಿದು ತೋರಿಸಿದೆ. ಆ ಹುಡುಗಿ ವಿಷಯ ತಿಳಿದ ದಿನವೇ ಕೋರ್ಸು ಬಿಟ್ಟು ಊರಿಗೆ ಹೋಗಿಬಿಟ್ಟಿದ್ದಾಳೆ. ಇವಳನ್ನು ಸಮಿತಿಯ ಮುಂದೆ ಕರೆದಿದ್ದಾರೆ. ಕದ್ದದ್ದು ಎಂದು ತೀರ್ಮಾನವಾದರೆ ಕೋರ್ಸಿನಿಂದ ತೆಗೆಯುತ್ತಾರೆ.

"ಮೇಡಂ, ನಾನು ಕದ್ದಿಲ್ಲ ಅಂತ ನೀವೊಂದ್ಸಲ ಬಂದು ಹೇಳ್ತೀರಾ?" ಎಂದು ಕೇಳಿದಳು.

ಅವಳ ಅಪ್ಪ ಅಶ್ವತ್ಥಪ್ಪ ಫೋನು ತೆಗೆದುಕೊಂಡರು. ಹಿಂದೆ ಮಗ್ಗದ ಸದ್ದು ಕೇಳುತ್ತಿತ್ತು. "ಮೇಡಮ್ನೋರೇ, ನಮ್ಮಲ್ಲೂ ಇಂಥದ್ದು ಆಗ್ತದೆ. ನಮ್ಮ ಡಿಸೈನು ಇನ್ನೊಬ್ಬ ಎತ್ಕೊಂಡ ಅಂತ ಜಗಳ ಬರ್ತದೆ. ಕಾರ್ಡಿನ ಯಜಮಾನ ಬಂದು ನಾಲ್ಕು ಜನರ ಎದುರಿಗೆ ನಾನೇ ಕೊಟ್ಟಿದ್ದು ಅಂದ್ಬಿಟ್ರೆ ಮುಗೀತು, ಆಮೇಲೆ ಯಾರೂ ಕಮಕ್ ಕಿಮಕ್ ಅನ್ನಂಗಿಲ್ಲ. ನೀವು ಆ ಒಂದು ಮಾತು ಅಂದ್ಬಿಡಿ. ನೇಯೋರ ಮನೆ ಮಗು ಕದ್ದಳು ಅಂತ ಬಂದ್ರೆ ಓದು ಬೇಡ ಬಿಡಿ, ಬೀದೀಲಿ ತಲೆ ಎತ್ತಕ್ಕಾಗಲ್ಲ" ಎಂದರು.

ನನಗೂ ಅದು ಸರಿಯಾದ ದಾರಿ ಎನ್ನಿಸಿತು. ಇದನ್ನು ಮುಚ್ಚಿಡದೆ ಹೇಳಬೇಕು: ಹುಡುಗಿಯ ಓದು ಹೋಗುವಂತಿದೆ ಎಂದು ಗಾಬರಿಯಾದದ್ದು ನಿಜ, ಅದರ ಅಡಿಯಲ್ಲಿ ಸಣ್ಣ ಹೆಮ್ಮೆಯೂ ಇತ್ತು. ವಿಶ್ವವಿದ್ಯಾಲಯದ ಪ್ರೊಫೆಸರುಗಳ ಮುಂದೆ ಹೋಗಿ ಆ ಕಾರ್ಡಿನ ಯಜಮಾನಿ ನಾನೇ ಎಂದು ಹೇಳುವ ಯೋಗ ಬಂತಲ್ಲ ಎಂದು. ರೇಷ್ಮೆ ಸೀರೆ ಉಟ್ಟುಕೊಂಡು ಹೊರಟೆ.

ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ನಾಗವೇಣಿ ಬ್ಯಾಗಿನಿಂದ ದಪ್ಪನೆಯ ಕಾಗದದ ಕಂತೆ ತೆಗೆದಳು. ಮುಂದಿನ ವಾರದ ಕ್ಲಾಸಿಗೆ ಓದಿಕೊಂಡು ಬನ್ನಿ ಎಂದು ಕೊಟ್ಟಿದ್ದಾರಂತೆ. ಅದನ್ನು ಮಡಿಲಲ್ಲಿಟ್ಟುಕೊಂಡು ಹಾಳೆ ತಿರುವಿದಳು. ಆಮೇಲೆ ಕೇಳಿದಳು, "ಮೇಡಂ, ಓದ್ಕೊಂಡು ಬನ್ನಿ ಅಂತಾರೆ. ಓದ್ಕೊಳ್ಳೋದು ಅಂದ್ರೆ ಏನ್ ಮಾಡ್ಬೇಕು?"

ತಮಾಷೆ ಮಾಡುತ್ತಿದ್ದಾಳೇನೋ ಎಂದು ಮುಖ ನೋಡಿದೆ. ಇಲ್ಲ. ಒಂದೊಂದು ಪದಕ್ಕೂ ಫೋನಿನಲ್ಲಿ ಅರ್ಥ ಹುಡುಕಿ ಮೇಲೆ ಬರೆದುಕೊಂಡಿದ್ದಳು. ಎರಡು ಪುಟ ದಾಟುವಷ್ಟರಲ್ಲಿ ಮೊದಲನೆಯದು ಮರೆತುಹೋಗುತ್ತದಂತೆ. ಕೊನೆಯಲ್ಲಿ ಯಾರೋ ಬಂದು ಸಾರಾಂಶ ಹೇಳುತ್ತಾರೆ ಎಂದು ಕಾಯುತ್ತಾಳಂತೆ, ಯಾರೂ ಬರುವುದಿಲ್ಲವಂತೆ. ನಮ್ಮ ಕಾಲೇಜಿನ ಅತಿ ಜಾಣ ವಿದ್ಯಾರ್ಥಿನಿ ಅವಳು. ಯಲಹಂಕ ಬರುವವರೆಗೂ ನಾನು ಕಿಟಕಿಯ ಹೊರಗೆ ನೋಡುತ್ತಾ ಕೂತೆ. ಉಟ್ಟ ರೇಷ್ಮೆ ಸೀರೆ ಮೈಗೆ ಚುಚ್ಚುತ್ತಿತ್ತು.

ಸಮಿತಿ ಎಂದರೆ ದೊಡ್ಡ ದರ್ಬಾರೇನಲ್ಲ. ಒಂದು ಸಣ್ಣ ಕೋಣೆ, ಮೂರು ಜನ. ಮುಖ್ಯಸ್ಥೆಯಾಗಿದ್ದ ಪ್ರೊಫೆಸರು ನನಗಿಂತ ಬಹಳ ಚಿಕ್ಕವರು, ಹತ್ತಿ ಸೀರೆ ಉಟ್ಟವರು. ಎದ್ದು ನಿಂತು ನನ್ನನ್ನು ಕೂರಿಸಿದರು. ನಾನು ದಾರಿಯುದ್ದಕ್ಕೂ ಉರು ಹೊಡೆದಿದ್ದ ಇಂಗ್ಲಿಷ್ ಮಾತುಗಳನ್ನು ಒಪ್ಪಿಸಿದೆ. ಈ ವಾಕ್ಯಗಳು ನನ್ನವು, ನಾನೇ ಇವಳಿಗೆ ಕೊಟ್ಟೆ, ಬಳಸಲು ನನ್ನ ಒಪ್ಪಿಗೆ ಇದೆ, ಇದರಲ್ಲಿ ಕಳ್ಳತನ ಇಲ್ಲ ಎಂದು. ಅವರು ಇಂಗ್ಲಿಷಿನಲ್ಲೇ ಏನೋ ಕೇಳಿದರು. ಅದು ನಾನು ಉರು ಹೊಡೆದದ್ದರಲ್ಲಿ ಇರಲಿಲ್ಲ. ಬಾಯಿ ತೆರೆದೆ, ಮಾತು ಹೊರಡಲಿಲ್ಲ. ಪುಣ್ಯಾತ್ಗಿತ್ತಿ ನನ್ನ ಅವಸ್ಥೆ ನೋಡಿ ಕನ್ನಡಕ್ಕೆ ತಿರುಗಿದರು. ಜೀವಮಾನವಿಡೀ ಹೆದರಿದ್ದ ಗಳಿಗೆ ಬಂದು, ಆಗಿ, ಹೋಗಿಯೂ ಬಿಟ್ಟಿತ್ತು. ಆದರೆ ಅವತ್ತಿನ ಪಾಲಿಗೆ ಅದು ಸಣ್ಣದಾಗಿತ್ತು.

"ಕೊಟ್ಟಿದ್ದು ನೀವೇ ಅಂತ ಒಪ್ಕೊಳ್ತೀನಿ ಮೇಡಂ. ಇವಳ ಮೇಲೆ ನನಗೆ ಕೋಪ ಇಲ್ಲ" ಎಂದರು. ನಾಗವೇಣಿಯ ಪ್ರಬಂಧವನ್ನು ನನ್ನ ಮುಂದೆ ಸರಿಸಿದರು. "ಮನೇಲಿ ಕೆಲಸ ಮಾಡೋ ಹೆಂಗಸರ ಬಗ್ಗೆ ಬರೆದಿದ್ದಾಳೆ. ಇವಳ ತಾಯಿ ಮನೇಲೇ ಮಗ್ಗದ ಕೆಲಸ ಮಾಡ್ತಾರಂತೆ, ನನಗೆ ಈಗಷ್ಟೇ ಗೊತ್ತಾಯ್ತು. ಇಷ್ಟು ಪುಟದಲ್ಲಿ ಅವರು ಎಲ್ಲಿದ್ದಾರೆ? ಇವಳು ಎಲ್ಲಿದ್ದಾಳೆ?"

ಪ್ರಬಂಧದಲ್ಲಿ ಆಧುನಿಕ ಜಗತ್ತಿತ್ತು, ನಾಣ್ಯದ ಎರಡು ಮುಖವಿತ್ತು, ಉಜ್ವಲ ಭವಿಷ್ಯವಿತ್ತು. ಯಜಮಾನಿ ಬಂದು ಒಪ್ಪಿಗೆ ಕೊಟ್ಟರೆ ಮುಗಿಯಿತು ಎಂದು ನಾವಿಬ್ಬರೂ ನಂಬಿಕೊಂಡು ಬಂದಿದ್ದೆವು. ಮಗ್ಗದ ಬೀದಿಯ ನ್ಯಾಯ ಇಲ್ಲಿ ನಡೆಯಲಿಲ್ಲ. ಯಾರ ಕಾರ್ಡು ಎಂದು ಇಲ್ಲಿ ಯಾರೂ ಕೇಳುತ್ತಿರಲಿಲ್ಲ, ಕಾರ್ಡು ಯಾಕೆ ಎಂದು ಕೇಳುತ್ತಿದ್ದರು.

ಉಳಿದ ಇಬ್ಬರಲ್ಲಿ ಒಬ್ಬ ಪ್ರೊಫೆಸರು, ಕುತೂಹಲಕ್ಕೆಂಬಂತೆ, ಈ ವಾಕ್ಯಗಳನ್ನು ನೀವೇ ಬರೆದಿರಾ ಎಂದು ಕೇಳಿದರು. ಹೌದು ಎನ್ನಲು ಹೊರಟೆ. ಆಗ ಹೊಸಕೋಟೆಯ ಕಾಲೇಜಿನಲ್ಲಿ ನಮಗೆ ಇಂಗ್ಲಿಷ್ ಕಲಿಸಿದ ಮೇಷ್ಟ್ರ ದನಿ ಕಿವಿಯಲ್ಲಿ ಕೇಳಿಸಿತು. ನಾಣ್ಯದ ಎರಡು ಮುಖ ಎಂದು ನಿಧಾನಕ್ಕೆ ಹೇಳಿ ಬರೆಸುತ್ತಿದ್ದರು, ನಾವು ತಲೆಯೆತ್ತದೆ ಬರೆದುಕೊಳ್ಳುತ್ತಿದ್ದೆವು. ಅವರಿಗೆ ಯಾರು ಬರೆಸಿದ್ದರೋ. ನಾನು ಕಾರ್ಡಿನ ಯಜಮಾನಿಯೂ ಆಗಿರಲಿಲ್ಲ. ಅದನ್ನೇ ಹೇಳಿದೆ. ಕೋಣೆಯಲ್ಲಿ ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿರುತ್ತಿತ್ತು.

ಮುಖ್ಯಸ್ಥೆ ಒಂದು ಹಾಳೆ ಕೊಟ್ಟು, ಕಡತಕ್ಕೆ ಬೇಕು, ನೀವು ಹೇಗೆ ಕಲಿಸಿದಿರಿ ಎಂದು ನಾಲ್ಕು ಮಾತು ಇಂಗ್ಲಿಷಿನಲ್ಲಿ ಬರೆದುಕೊಡಿ, ಬೇರೆಯವರಿಗೂ ಕಳಿಸಬೇಕಾಗುತ್ತದೆ ಎಂದರು. ಹೊರಗಿನ ಬೆಂಚಿನ ಮೇಲೆ ಕೂತು ಪೆನ್ನು ತೆಗೆದೆ. ನಾಗವೇಣಿ ಪಕ್ಕದಲ್ಲಿದ್ದಳು. ಕೈ ತಾನಾಗಿಯೇ ಓಡಿತು. ಇಂದಿನ ಆಧುನಿಕ ಜಗತ್ತಿನಲ್ಲಿ ಬೋಧನೆಯು ಬಹಳ ಮುಖ್ಯ ಪಾತ್ರ ವಹಿಸುತ್ತದೆ.

ಬರೆದ ಮೇಲೆ ಕಣ್ಣಿಗೆ ಬಿತ್ತು. ನನಗಿಂತ ಮುಂಚೆ ನಾಗವೇಣಿಯ ಕಣ್ಣಿಗೆ ಬಿದ್ದಿತ್ತು. ಅವಳು ಮುಖವನ್ನು ಆಚೆ ತಿರುಗಿಸಿ ನೋಟಿಸ್ ಬೋರ್ಡು ಓದುವವಳಂತೆ ಕೂತಳು. ಪ್ರೊಫೆಸರ ಮುಂದೆ ಮಾತು ನಿಂತಾಗ ಆಗದ ನಾಚಿಕೆ ಆ ಬೆಂಚಿನ ಮೇಲೆ ಆಯಿತು. ನನ್ನ ಮಾನ ಉಳಿಸಲು ನನ್ನ ವಿದ್ಯಾರ್ಥಿನಿ ಬೇರೆ ಕಡೆ ನೋಡುತ್ತಿದ್ದಳು.

ಆ ಸಾಲನ್ನು ಹೊಡೆದುಹಾಕಿದೆ. ಕೊನೆಗೆ ಬರೆದದ್ದು ಮೂರೇ ಮಾತು. ಇದನ್ನು ಇವಳಿಗೆ ಕಲಿಸಿದವಳು ನಾನು. ಇವಳು ನನ್ನನ್ನು ನಂಬಿದಳು. ಬರೆಯುವುದು ಹೇಗೆಂದು ನಾನು ಕಲಿಸಲಿಲ್ಲ, ನನಗೂ ಗೊತ್ತಿರಲಿಲ್ಲ. ಮುಖ್ಯಸ್ಥೆ ಓದಿ, ಮಡಿಸಿ ಕಡತದೊಳಗೆ ಇಟ್ಟುಕೊಂಡರು.

ಅವರು ಕೊಟ್ಟ ತೀರ್ಮಾನ ಇಷ್ಟು. ಅದೇ ವಿಷಯದ ಮೇಲೆ ನಾಗವೇಣಿ ಹೊಸದಾಗಿ ಬರೆದು ಕೊಡಬೇಕು. ತಪ್ಪಿದ್ದರೂ ಪರವಾಗಿಲ್ಲ, ಅವಳದ್ದಾಗಿರಬೇಕು. ಅದು ಅವಳದ್ದು ಎಂದು ಅವರಿಗೆ ಅನ್ನಿಸಿದರೆ ಕೋರ್ಸಿನಲ್ಲಿ ಇರಬಹುದು, ಇಲ್ಲದಿದ್ದರೆ ಇಲ್ಲ.

ಮೆಟ್ಟಿಲಿಳಿಯುವಾಗ ಅವಳು ಕೇಳಿದಳು, "ಮೇಡಂ, ಹಂಗಾದ್ರೆ ಅವತ್ತು ನೀವು ಗೀಟು ಹಾಕಿದ್ರಲ್ಲ, ಅದನ್ನೇ ಬರೀಲಾ?"

ಯಾವುದು ಎಂದು ನನಗೆ ನೆನಪಾಗಲಿಲ್ಲ. ಬರಿ ಎಂದುಬಿಟ್ಟೆ. ಬಸ್ಸು ಹತ್ತಿದ ಮೇಲೆ ಅವಳೇ ಹೇಳಿದ್ದರಿಂದ ತಿಳಿಯಿತು. ಮೊದಲ ವರ್ಷದ ಟೆಸ್ಟಿನಲ್ಲಿ ಕರೆಂಟು ಹೋದಾಗ ತಮ್ಮ ಮನೆ ಹೇಗಿರುತ್ತದೆ ಎಂದು ಬರೆದಿದ್ದಳಂತೆ. ನಾನು ಇಡೀ ಪುಟಕ್ಕೆ ಅಡ್ಡಗೀಟು ಎಳೆದು ಕಾರ್ಡು ಹಾಕು ಎಂದು ಬರೆದಿದ್ದೆನಂತೆ. ಅಂಥ ಗೀಟು ನಾನು ಎಷ್ಟು ಎಳೆದಿದ್ದೇನೋ, ಒಂದೂ ನೆನಪಿಲ್ಲ. ಅವಳಿಗೆ ಪೆನ್ನಿನ ಬಣ್ಣವೂ ನೆನಪಿತ್ತು.

ಮುಂದಿನ ಭಾನುವಾರ ಬರೆದುಕೊಂಡು ನಮ್ಮ ಮನೆಗೆ ಬಂದಳು. ಮಾರನೆಯ ದಿನ ಕೊಡಬೇಕಿತ್ತು. ಒಂದ್ಸಲ ತಿದ್ದಿಕೊಡಿ ಮೇಡಂ ಎಂದಳು. ಇಂಗ್ಲಿಷ್ ಕುಂಟುತ್ತಿತ್ತು, ಕ್ರಿಯಾಪದಗಳ ಕಾಲ ಒಂದಕ್ಕೊಂದು ಹೊಂದುತ್ತಿರಲಿಲ್ಲ. ನಾಲ್ಕೂ ಮಗ್ಗ ಒಟ್ಟಿಗೆ ನಿಂತಾಗ ಮನೆಯಲ್ಲಿ ಒಂದು ಥರ ಕಿವುಡು ಬರುತ್ತದೆ ಎಂದು ಬರೆದಿದ್ದಳು. ಆಮೇಲೆ ಅಮ್ಮನ ನಿಜವಾದ ದನಿ ಕೇಳಿಸುತ್ತದೆ, ಅದು ಬಹಳ ಸಣ್ಣ ದನಿ ಎಂದಿತ್ತು. ಅಮ್ಮನಿಗೆ ಬೆನ್ನು ನೋಯುವುದು ಕರೆಂಟು ಹೋದಾಗ ಮಾತ್ರ, ಮಗ್ಗ ಓಡುವಾಗ ನೋಯುವುದಿಲ್ಲ, ಯಾಕೆಂದರೆ ಹೇಳಿದರೂ ಯಾರಿಗೂ ಕೇಳಿಸುವುದಿಲ್ಲ ಎಂದಿತ್ತು.

ಅಷ್ಟೆಲ್ಲ ಆದ ಮೇಲೆ, ಆ ಬೆಂಚಿನ ಮೇಲೆ ಕೂತು ಎದ್ದು ಬಂದ ಮೇಲೆ, ನಾನು ಏನು ಮಾಡಿದೆ ಎಂದು ಹೇಳಿದರೆ ನೀನು ನಂಬುವುದಿಲ್ಲ ರಶ್ಮಿ. ಕೆಂಪು ಪೆನ್ನು ತೆಗೆದೆ. ಕಾಲ ಸರಿಮಾಡಿದೆ. ಕಿವುಡು ಎನ್ನುವುದು ಇಲ್ಲಿ ಸರಿಹೋಗುವುದಿಲ್ಲ ಎಂದು ಹೊಡೆದೆ. ಬೆನ್ನಿನ ಮಾತು ಉದ್ದವಾಯಿತು ಎಂದು, ನೇಯ್ಗೆ ಕ್ಷೇತ್ರದ ಮಹಿಳೆಯರು ಅನೇಕ ಆರೋಗ್ಯ ಸಮಸ್ಯೆಗಳನ್ನು ಎದುರಿಸುತ್ತಾರೆ ಎಂದು ಮಾಡಿದೆ. ಚೆನ್ನಾಗಿ ಕೂತಿತು ಎನ್ನಿಸಿತು. ಎರಡನೆಯ ಪುಟಕ್ಕೆ ಹೋಗುವಷ್ಟರಲ್ಲಿ ನಾಗವೇಣಿ ಮಾತಾಡಿದಳು. ಯಾವಾಗಲೂ ಕೂಗುವ ಹುಡುಗಿ ಮೆಲ್ಲಗೆ ಹೇಳಿದಳು.

"ಮೇಡಂ, ಇದ್ರಲ್ಲಿ ನಮ್ಮಮ್ಮ ಇಲ್ಲ."

ಪೆನ್ನು ಕೆಳಗಿಟ್ಟೆ. ಅವಳು ನನ್ನ ಕೆಂಪು ಮೆತ್ತಿದ ಹಾಳೆಗಳನ್ನು ಪಕ್ಕಕ್ಕಿಟ್ಟು, ಬಿಳಿ ಹಾಳೆ ಇದ್ದರೆ ಕೊಡಿ ಎಂದಳು. ಕೊಟ್ಟೆ. ಅಲ್ಲೇ ನಡುಮನೆಯಲ್ಲಿ ನೆಲದ ಮೇಲೆ ಕೂತು ಮೊದಲಿನಿಂದ ಬರೆಯಲು ಶುರುಮಾಡಿದಳು. ಹತ್ತಿರ ಇದ್ದರೆ ನನ್ನ ಕೈ ಸುಮ್ಮನಿರುವುದಿಲ್ಲ ಎಂದು ಗೊತ್ತಿತ್ತು, ಅಡುಗೆಮನೆಗೆ ಹೋದೆ.

ಅವಳು ಕೋರ್ಸಿನಲ್ಲಿ ಉಳಿದಳು. ಪಾಸಾಗುವಷ್ಟೇ ಅಂಕ ಕೊಟ್ಟರಂತೆ. ತಪ್ಪುಗಳ ಕೆಳಗೆಲ್ಲ ಗೆರೆ ಎಳೆದು, ಬೆನ್ನಿನ ಸಾಲಿನ ಪಕ್ಕದಲ್ಲಿ, ಆಮೇಲೆ ನಿಮ್ಮಮ್ಮ ಏನಂದರು ಎಂದು ಪ್ರೊಫೆಸರು ಕೇಳಿದ್ದರಂತೆ. ಅಷ್ಟು ವರ್ಷ ಅಷ್ಟು ಪ್ರಬಂಧ ತಿದ್ದಿದ ನಾನು ಯಾರನ್ನೂ ಅಂಥ ಒಂದು ಪ್ರಶ್ನೆ ಕೇಳಲಿಲ್ಲ. ಜೆರಾಕ್ಸ್ ಅಂಗಡಿಗೂ ಹೋಗಿದ್ದೆ, ಆ ನೋಟ್ಸ್ ಮಾರಬೇಡಿ ಎನ್ನಲು. ಅಂಗಡಿಯವನು, ಅದು ಈಗ ಮೂರ್ನಾಲ್ಕು ಮೇಡಂಗಳ ಹೆಸರಲ್ಲಿ ಹೋಗುತ್ತದೆ, ಯಾವುದನ್ನು ನಿಲ್ಲಿಸಲಿ ಎಂದ.

ಆದರೆ ನಿನಗೆ ಹೇಳಬೇಕೆಂದಿರುವುದು ಆ ಭಾನುವಾರ ಅಡುಗೆಮನೆಯಲ್ಲಿ ನಿಂತಿದ್ದ ಹೊತ್ತಿನ ಬಗ್ಗೆ. ಒಲೆ ಹಚ್ಚಲಿಲ್ಲ, ಪಾತ್ರೆ ಮುಟ್ಟಲಿಲ್ಲ. ನಡುಮನೆಯಲ್ಲಿ ಒಂದು ಚೂರು ಸದ್ದಿರಲಿಲ್ಲ. ಎಲ್ಲೋ ಕೇಳಿದ ನಿಶ್ಶಬ್ದ ಇದು ಎನ್ನಿಸಿ, ಎಲ್ಲಿ ಎಂದು ಆಮೇಲೆ ಹೊಳೆಯಿತು. ಸೇರಿದ ಹೊಸದರಲ್ಲಿ, ಮಕ್ಕಳು ತಲೆ ಬಗ್ಗಿಸಿ ಒಂದು ಪುಟ ಓದುತ್ತಿದ್ದಾಗ, ಫ್ಯಾನಿನ ಕೆಳಗೆ ಇದ್ದದ್ದು ಇದೇ.

ನಿನ್ನ ಕ್ಲಾಸಿನಲ್ಲೂ ಅದು ಒಂದು ದಿನ ಬರುತ್ತದೆ, ರಶ್ಮಿ. ಬಂದಾಗ ಬಾಗಿಲಲ್ಲಿ ಯಾರಾದರೂ ನಿಂತು, ಕ್ಲಾಸು ಯಾಕೆ ಸತ್ತಂಗಿದೆ ಎಂದು ಕೇಳಿಯೇ ಕೇಳುತ್ತಾರೆ. ಆಗ ನೀನು ಗಂಟಲು ಎತ್ತಬೇಡ. ನಾನು ಎತ್ತಿದೆ.